ಪ್ರನಾಳ ಗರ್ಭಧಾರಣೆಯೂ ಶಿಶುವಿನ ರಕ್ತನಾಳಗಳೂ

(ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)

 

ಈ ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ವೈದ್ಯಶಾಸ್ತ್ರಕ್ಕೂ ಒಂದು ದಿನವನ್ನು ಮೀಸಲಾಗಿಟ್ಟು, ಜನರಿಗೆ ಉಪಯುಕ್ತವಾದ ಯಾವುದಾದರೊಂದು ವಿಷಯವನ್ನು ತಿಳಿಗನ್ನಡದಲ್ಲಿ ನಿರೂಪಿಸಬೇಕೆಂದು ಅಪ್ಪಣೆಯಾಗಿರುವುದು. ನಾನು ಆರಿಸಿಕೊಂಡಿರುವ ವಿಷಯವು ಕೆಲವರಿಗೆ ಹೊಸದಾಗಿಯೂ, ಮತ್ತೆ ಕೆಲವರಿಗೆ ತುಂಬಿದ ಸಭೆಯಲ್ಲಿ ಆಡತಕ್ಕುದಲ್ಲವೆಂಬಂತೆಯೂ ತೋರಬಹುದು. ಮಕ್ಕಳಿಲ್ಲದ ದಂಪತಿಗಳು ವೈದ್ಯರ ನೆರವಿನಿಂದ ಪಡೆಯುವ ಶಿಶುಗಳ, ಎಂದರೆ ಪ್ರನಾಳ ಶಿಶುಗಳೆಂದು ನಾವು ಕರೆಯುವವರ, ರಕ್ತನಾಳಗಳ ವಿಚಾರವೇ ಅದು.

ಈ ವಿಷಯವನ್ನು ಏಕೆ ಆರಿಸಿದೆನೆಂದರೆ, ಇಂದು ನಮ್ಮ ನಾಡಿನ ದೊಡ್ಡ ಊರುಗಳಲ್ಲೆಲ್ಲ ಈ ಚಿಕಿತ್ಸೆಯನ್ನು ನಡೆಸುವ ಆಸ್ಪತ್ರೆಗಳಿವೆ. ನೆಂಟರಿಷ್ಟರಲ್ಲಿ ಒಬ್ಬರಾದರೂ ಈ ದಾರಿಯನ್ನು ಹಿಡಿದಿರುವುದನ್ನು ಅನೇಕರು ಬಲ್ಲರು. ಆದರೆ ಬಲ್ಲವರು ಬಾಯಿಬಿಟ್ಟು ಆಡುವುದಿಲ್ಲ. ಮಾತು ಗುಟ್ಟಾದಲ್ಲಿ ಗಾಳಿಸುದ್ದಿಗೆ ಬಲ ಹೆಚ್ಚು. ಇಂಥ ಮಕ್ಕಳಿಗೆ ಯಾವ ತೊಂದರೆಯೂ ಇರಲಾರದೆಂದು ಒಂದು ಸುದ್ದಿ. ಇವರು ಗಟ್ಟಿಯಾಗಿ ಬಾಳಲಾರರೆಂದು ಇನ್ನೊಂದು ಸುದ್ದಿ. ಇವೆರಡೂ ನಿಜವಲ್ಲ. ನಿಜವು ಇವೆರಡರ ನಡುವೆ ಎಲ್ಲಿರುವುದೆಂಬುದನ್ನು, ವಿದ್ವಾಂಸರು ಅಳೆದು ನೋಡಿರುವಷ್ಟರ ಮಟ್ಟಿಗೆ, ತಮ್ಮ ಮುಂದಿಡುವುದೇ ನನ್ನ ಉದ್ದೇಶ.

ಮೊದಲು ಈ ವಿದ್ಯೆಯ ಇತಿಹಾಸವನ್ನು ಸಂಕ್ಷೇಪವಾಗಿ ಹೇಳುವೆನು. ತಾಯಿಯ ದೇಹದ ಹೊರಗೆ ಅಂಡಾಣುವಿಗೂ ವೀರ್ಯಾಣುವಿಗೂ ಸಂಯೋಗವನ್ನುಂಟುಮಾಡಿ, ಹಾಗೆ ಮೂಡಿದ ಭ್ರೂಣವನ್ನು ಗರ್ಭಾಶಯದಲ್ಲಿರಿಸಿದುದರಿಂದ ಹುಟ್ಟಿದ ಮೊದಲನೆಯ ಶಿಶು ಲೂಯಿ ಬ್ರೌನ್. ಆಕೆ ೧೯೭೮ನೆಯ ಇಸವಿ ಜುಲೈ ೨೫ರಂದು ಇಂಗ್ಲೆಂಡಿನ ಓಲ್ಡಂ ಪಟ್ಟಣದಲ್ಲಿ ಜನಿಸಿದಳು. ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೊ, ಜೀನ್ ಪರ್ಡಿ ಎಂಬ ಮೂವರ ಬಹುಕಾಲದ ಪರಿಶ್ರಮದ ಫಲವಿದು. ಎಡ್ವರ್ಡ್ಸರಿಗೆ ೨೦೧೦ರಲ್ಲಿ ನೊಬೆಲ್ ಬಹುಮಾನವು ಲಭಿಸಿತು. ಆ ವೇಳೆಗೆ ಉಳಿದಿಬ್ಬರೂ ಕಾಲವಾಗಿದ್ದರು. ಲೂಯಿ ಹುಟ್ಟಿ ಮೂರು ತಿಂಗಳು ತುಂಬುವುದರೊಳಗಾಗಿ, ಅದೇ ಅಕ್ಟೋಬರ್ ೩ರಂದು, ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ, ದುರ್ಗಾ ಎಂಬ ಹೆಸರಿನಿಂದ ಪ್ರಸಿದ್ಧಳಾದ ಹೆಣ್ಣುಮಗು ಹುಟ್ಟಿತು. ಆದರೆ ಸರಕಾರದ ಪರಿಶೀಲನಾ ಸಮಿತಿಯು ಅವರ ಮಾತನ್ನು ನಂಬಲಿಲ್ಲ. ಆ ಮಹನೀಯರು ನೊಂದು ೧೯೮೧ರಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ೧೯೮೬ರ ಆಗಸ್ಟ್ ೬ರಂದು ಮುಂಬಯಿಯಲ್ಲಿ ಇಂದಿರಾ ಹಿಂದುಜಾ ಮತ್ತು ಟಿ. ಸಿ. ಆನಂದ ಕುಮಾರ್ ಅವರ ಯತ್ನದಿಂದ ಹುಟ್ಟಿದ ಹರ್ಷ ಎಂಬ ಮಗುವೇ ಭಾರತದ ಮೊದಲನೆಯ ಪ್ರನಾಳ ಶಿಶುವೆಂದು ಪ್ರಸಿದ್ಧಿ ಪಡೆಯಿತು. ಮುಂದೆ ಆನಂದ ಕುಮಾರರು ಮುಖರ್ಜಿಯವರ ಕೈಬರಹದ ಟಿಪ್ಪಣಿಗಳನ್ನು ತಾವೇ ಪರಿಶೀಲಿಸಿ, ಮೊದಲಿಗನೆಂಬ ಗೌರವವು ತಮ್ಮದಲ್ಲ, ಮುಖರ್ಜಿಯವರದೆಂದು, ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ೧೯೯೭ರಲ್ಲಿ ಪ್ರಕಟಿಸಿದರು. ತನಗೆ ಬಂದ ಕೀರ್ತಿಯನ್ನು ತಾನಾಗಿಯೇ ಬಿಟ್ಟುಕೊಟ್ಟ ಇಂಥ ಸತ್ಯನಿಷ್ಠೆ ವಿರಳವಾದುದು. ಬರೆದಿಟ್ಟ ದಾಖಲೆಯೇ ಸತ್ಯವನ್ನು ಉಳಿಸಿತೆಂಬುದನ್ನು ತಾವು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಈ ಮಾತಿಗೆ ಮುಂದೆ ಕೆಲಸವಿದೆ. ಅಂದು ಒಂದೆರಡಾಗಿದ್ದ ಇಂಥ ಮಕ್ಕಳು ಇಂದು ಲೋಕದಲ್ಲಿ ಒಂದು ಕೋಟಿಗೂ ಮಿಗಿಲಾಗಿರುವರು.

ಇನ್ನು ಚಿಕಿತ್ಸೆಯ ಕ್ರಮವನ್ನು ನೋಡೋಣ. ಸ್ತ್ರೀಗೆ ಹಾರ್ಮೋನುಗಳ ಚುಚ್ಚುಮದ್ದನ್ನು ಕೊಟ್ಟು, ತಿಂಗಳಿಗೊಂದರಂತೆ ಪಕ್ವವಾಗಬೇಕಾದ ಅಂಡಾಣುಗಳು ಒಮ್ಮೆಗೇ ಹಲವು ಪಕ್ವವಾಗುವಂತೆ ಮಾಡುವರು. ಅವುಗಳನ್ನು ಸೂಜಿಯಿಂದ ಹೀರಿ ತೆಗೆದು, ತಟ್ಟೆಯಲ್ಲಿ ವೀರ್ಯಾಣುಗಳೊಡನೆ ಸೇರಿಸುವರು. ಪುರುಷನ ವೀರ್ಯಾಣುಗಳು ದುರ್ಬಲವಾಗಿದ್ದಲ್ಲಿ ಒಂದೇ ಒಂದು ವೀರ್ಯಾಣುವನ್ನು ಸೂಜಿಯ ಮೊನೆಯಿಂದ ಅಂಡಾಣುವಿನೊಳಕ್ಕೆ ಸೇರಿಸುವ ವಿಧಾನವುಂಟು. ಅದು ಬ್ರಸೆಲ್ಸ್ ನಗರದಲ್ಲಿ ಸಾಧಿತವಾಗಿ ೧೯೯೨ರಲ್ಲಿ ಪ್ರಕಟವಾಯಿತು. ಹೀಗೆ ಮೂಡಿದ ಭ್ರೂಣವು ಮೂರರಿಂದ ಐದಾರು ದಿನಗಳ ಕಾಲ, ದೇಹದಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ, ವೈದ್ಯರು ಸಿದ್ಧಪಡಿಸಿದ ಪೋಷಕದ್ರವದಲ್ಲಿ ಬೆಳೆಯುವುದು. ಆಮೇಲೆ ಅದನ್ನು ಗರ್ಭಾಶಯಕ್ಕೆ ಸೇರಿಸುವರು; ಇಲ್ಲವೇ ದ್ರವರೂಪದ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಟ್ಟು, ಬೇಕಾದಾಗ ಕರಗಿಸಿ ಉಪಯೋಗಿಸುವರು. ಒಂಬತ್ತು ತಿಂಗಳ ಗರ್ಭವಾಸದಲ್ಲಿ ಈ ಐದಾರು ದಿನಗಳು ಎಷ್ಟು ಮಾತ್ರ ಎಂದು ಯಾರಿಗಾದರೂ ಅನಿಸಬಹುದು. ಆ ಪ್ರಶ್ನೆಯೇ ಇಂದಿನ ಉಪನ್ಯಾಸದ ತಿರುಳಾಗಿರುವುದು.

ಅದಕ್ಕೆ ಮುಂಚಿತವಾಗಿ ಗರ್ಭಸ್ಥ ಶಿಶುವಿನಲ್ಲಿ ರಕ್ತವು ಸಂಚರಿಸುವ ರೀತಿಯನ್ನು ತಿಳಿದುಕೊಳ್ಳಬೇಕು. ಹುಟ್ಟಿದ ನಾವು ಶ್ವಾಸಕೋಶದಿಂದ ಉಸಿರಾಡುತ್ತೇವೆ. ಗರ್ಭದಲ್ಲಿರುವ ಶಿಶುವಿನ ಶ್ವಾಸಕೋಶವಾದರೋ ದ್ರವದಿಂದ ತುಂಬಿರುವುದು. ಅಲ್ಲಿ ಉಸಿರಾಟದ ಕೆಲಸವನ್ನೂ ಊಟದ ಕೆಲಸವನ್ನೂ ನಡೆಸುವುದು ಮಾಸು, ಎಂದರೆ ಹೆರಿಗೆಯ ತರುವಾಯ ಬೀಳುವ ಕಸ. ಶಿಶುವನ್ನು ಮಾಸಿಗೆ ಕೂಡಿಸುವ ಹೊಕ್ಕುಳ ಬಳ್ಳಿಯಲ್ಲಿ ಸಾಮಾನ್ಯವಾಗಿ ಮೂರು ನಾಳಗಳಿರುವುವು. ಎರಡು ಧಮನಿಗಳು ಶಿಶುವಿನ ಬಳಸಿದ ರಕ್ತವನ್ನು ಮಾಸಿಗೆ ಒಯ್ಯುವುವು. ಒಂದು ಸಿರೆಯು ಶುದ್ಧವಾದ ರಕ್ತವನ್ನು ಶಿಶುವಿಗೆ ತರುವುದು. ತಾಯಿಯ ರಕ್ತವೂ ಮಗುವಿನ ರಕ್ತವೂ ಎಲ್ಲಿಯೂ ಬೆರೆತು ಹರಿಯುವುದಿಲ್ಲ. ತೆಳುವಾದ ಪೊರೆಯೊಂದನ್ನು ನಡುವೆ ಇಟ್ಟುಕೊಂಡು ಅವು ಕೊಡುಕೊಳ್ಳುವಿಕೆಯನ್ನು ನಡೆಸುತ್ತವೆ.

ನಮ್ಮ ದೇಹದಲ್ಲಿ ರಕ್ತನಾಳಗಳನ್ನು ಹಿಗ್ಗಿಸಿ ಕುಗ್ಗಿಸುವ ಕೆಲಸದಲ್ಲಿ ನರಗಳ ಪಾತ್ರವು ದೊಡ್ಡದು. ಮಾಸಿನ ರಕ್ತನಾಳಗಳಿಗಾದರೋ ನರಗಳಿಲ್ಲ. ಹೊಕ್ಕುಳ ಬಳ್ಳಿಯ ಬಹುಭಾಗಕ್ಕೂ ಇಲ್ಲ. ಹಾಗಾದರೆ ಅಲ್ಲಿ ರಕ್ತದ ಹರಿವನ್ನು ಹದದಲ್ಲಿಡುವವರು ಯಾರು? ಆ ಕೆಲಸವು ಬಹಳ ಮಟ್ಟಿಗೆ ನಾಳದ ಒಳಮೈಯನ್ನು ಒಂದೇ ಪದರವಾಗಿ ಹೊದೆದಿರುವ ಜೀವಕಣಗಳ ಪಾಲಿಗೆ ಬಂದಿದೆ. ಕೆರೆಯ ತೂಬಿನ ಬಳಿ ನಿಂತು, ಯಾವ ಗದ್ದೆಗೆ ಎಷ್ಟು ನೀರು ಬೇಕೆಂದು ನೋಡಿ ಬಿಡುವ ನೀರುಗಂಟಿಯಂತೆ ಈ ಒಳಪೊರೆಯು ವರ್ತಿಸುವುದು. ರಕ್ತದ ಹರಿವು ಹೆಚ್ಚಿದಾಗ ಈ ಕಣಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಅತಿಸೂಕ್ಷ್ಮ ಪ್ರಮಾಣದಲ್ಲಿ ಹೊರಡಿಸುವುವು. ಅದು ಸುತ್ತಣ ಸ್ನಾಯುವನ್ನು ಸಡಿಲಿಸಲು ನಾಳವು ಅಗಲವಾಗುವುದು. ಒಳಪೊರೆಯಿಲ್ಲದೆ ನಾಳವು ಹಾಗೆ ಸಡಿಲವಾಗದೆಂಬುದನ್ನು ೧೯೮೦ರಲ್ಲಿ ಅಮೆರಿಕೆಯ ರಾಬರ್ಟ್ ಫರ್ಚ್‌ಗಾಟರು ತೋರಿಸಿದರು. ಈ ಶೋಧನೆಗಾಗಿ ಅವರಿಗೂ ಲೂಯಿ ಇಗ್ನಾರೊ, ಫೆರಿಡ್ ಮುರಾದ್ ಎಂಬವರಿಗೂ ೧೯೯೮ರಲ್ಲಿ ನೊಬೆಲ್ ಬಹುಮಾನವು ಬಂದಿತು. ಈ ನೀರುಗಂಟಿಯು ಮಂಕಾದರೆ ನಾಳಗಳು ಬಿಗಿಯಾಗುವುವು, ಕ್ರಮೇಣ ಗಡುಸಾಗುವುವು. ಮುಂದೆ ರಕ್ತದೊತ್ತಡಕ್ಕೂ ಹೃದಯದ ಬೇನೆಗೂ ಅದೇ ಪೀಠಿಕೆಯಾಗುವುದು.

ಮುಪ್ಪಿನಲ್ಲಿ ಕಾಣುವ ಹೃದಯದ ಬೇನೆಗೂ ಗರ್ಭವಾಸಕ್ಕೂ ಸಂಬಂಧವೆಲ್ಲಿಯದೆಂದು ಕೇಳಬಹುದು. ಸಂಬಂಧವುಂಟೆಂದು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಪ್ರಮುಖರು. ಹುಟ್ಟಿದಾಗಲೂ ಶೈಶವದಲ್ಲಿಯೂ ಕಡಮೆ ತೂಕವಿದ್ದವರಲ್ಲಿ ಹೃದಯದ ಬೇನೆಯಿಂದ ಸಾಯುವವರು ಹೆಚ್ಚೆಂದು ಅವರು ಹಳೆಯ ದಾಖಲೆಗಳಿಂದ ೧೯೮೯ರಲ್ಲಿ ತೋರಿಸಿದರು. ಈ ವಿಚಾರದಲ್ಲಿ ನಮ್ಮ ಮೈಸೂರಿಗೂ ಒಂದು ಗೌರವದ ಸ್ಥಾನವಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಇವುಗಳನ್ನು ದಾದಿಯರು ತಪ್ಪದೆ ಬರೆದಿಡುತ್ತಿದ್ದರು. ಆ ದಫ್ತರಗಳ ಆಧಾರದಿಂದ, ೧೯೩೪ರಿಂದ ೧೯೫೪ರ ವರೆಗೆ ಅಲ್ಲಿ ಹುಟ್ಟಿದ ೫೧೭ ಮಂದಿಯನ್ನು ಹುಡುಕಿ ಪರೀಕ್ಷಿಸಿದ ವರದಿಯು ೧೯೯೬ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕೂ ಕಡಮೆ ತೂಗಿದವರಲ್ಲಿ ನೂರಕ್ಕೆ ೧೧ ಮಂದಿಗೆ ಹೃದಯದ ಧಮನಿಗಳ ಬೇನೆಯಿದ್ದರೆ, ೩.೧ ಕಿಲೋಗ್ರಾಮಿಗಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ ೩ ಮಂದಿಗೆ ಮಾತ್ರ ಇತ್ತು. ಆ ದಾದಿಯರು ತಾವು ಬರೆಯುತ್ತಿರುವುದು ಅರವತ್ತು ವರ್ಷಗಳ ತರುವಾಯ ಲೋಕಕ್ಕೆ ಪಾಠವಾಗುವುದೆಂದು ಎಣಿಸಿದ್ದಿರಲಾರರು. ಗರ್ಭದಲ್ಲಿ ಬಿದ್ದ ಗುರುತು ಮುಪ್ಪಿನ ವರೆಗೂ ಉಳಿಯಬಹುದೆಂಬುದು ಹೀಗೆ ನಮ್ಮ ಜನರಲ್ಲಿಯೇ ಕಂಡುಬಂದ ಸಂಗತಿಯಾಗಿದೆ.

ಗರ್ಭವಾಸವು ಇಷ್ಟು ಮಹತ್ತ್ವವುಳ್ಳದ್ದಾದರೆ, ಗರ್ಭದ ಮೊದಲ ದಿನಗಳನ್ನು ತಟ್ಟೆಯಲ್ಲಿ ಕಳೆದ ಮಕ್ಕಳ ಗತಿಯೇನು? ಈ ಪ್ರಶ್ನೆಯನ್ನು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಉರ್ಸ್ ಷೆರರ್ ಮತ್ತು ಅವರ ಸಂಗಡಿಗರು ಕೈಗೆತ್ತಿಕೊಂಡರು. ಆರೋಗ್ಯದಿಂದಿದ್ದ ೬೫ ಪ್ರನಾಳ ಮಕ್ಕಳನ್ನೂ, ಹೋಲಿಕೆಗಾಗಿ ಸಹಜವಾಗಿ ಗರ್ಭನಿಂತು ಹುಟ್ಟಿದ ೫೭ ಮಕ್ಕಳನ್ನೂ ಅವರು ಪರೀಕ್ಷಿಸಿದರು. ಪರೀಕ್ಷೆಯು ನೋವಿಲ್ಲದ್ದು. ಮುಂದೋಳಿಗೆ ಪಟ್ಟಿಯನ್ನು ಬಿಗಿದು, ಕೆಲವು ನಿಮಿಷ ರಕ್ತವನ್ನು ತಡೆದು, ಪಟ್ಟಿಯನ್ನು ಬಿಟ್ಟೊಡನೆ ರಕ್ತವು ರಭಸದಿಂದ ನುಗ್ಗುವುದು; ಆಗ ತೋಳಿನ ಧಮನಿಯು ಎಷ್ಟು ಹಿಗ್ಗಿತೆಂಬುದನ್ನು ಅಲ್ಟ್ರಾಸೌಂಡ್ ಯಂತ್ರದಿಂದ ಅಳೆಯುವರು. ಒಳಪೊರೆಯು ಚುರುಕಾಗಿದ್ದರೆ ಧಮನಿಯು ಚೆನ್ನಾಗಿ ಹಿಗ್ಗುವುದು. ಸಹಜ ಗರ್ಭದ ಮಕ್ಕಳಲ್ಲಿ ಅದು ನೂರಕ್ಕೆ ೮.೬ರಷ್ಟು ಹಿಗ್ಗಿದರೆ, ಪ್ರನಾಳ ಮಕ್ಕಳಲ್ಲಿ ೬.೭ರಷ್ಟು ಮಾತ್ರ ಹಿಗ್ಗಿತು. ಅವರ ಧಮನಿಗಳು ತುಸು ಗಡುಸಾಗಿಯೂ ಕತ್ತಿನ ಧಮನಿಯ ಗೋಡೆಯು ತುಸು ದಪ್ಪವಾಗಿಯೂ ಇದ್ದುವು. ೩೪೫೦ ಮೀಟರು ಎತ್ತರದ ಪರ್ವತಸ್ಥಾನಕ್ಕೆ ಕರೆದೊಯ್ದು ನೋಡಲಾಗಿ, ಶ್ವಾಸಕೋಶದ ಧಮನಿಯ ಒತ್ತಡವು ಇತರರಿಗಿಂತ ನೂರಕ್ಕೆ ಸುಮಾರು ೩೦ರಷ್ಟು ಹೆಚ್ಚಾಗಿತ್ತು. ಈ ವರದಿಯು ೨೦೧೨ರಲ್ಲಿ ಪ್ರಕಟವಾಯಿತು.

ಇಲ್ಲಿ ಬುದ್ಧಿವಂತರಾದ ಶ್ರೋತೃಗಳಿಗೆ ಒಂದು ಸಂದೇಹವು ಹುಟ್ಟಬೇಕು. ದೋಷವು ಚಿಕಿತ್ಸೆಯದೋ ಅಥವಾ ಬಂಜೆತನವುಳ್ಳ ತಂದೆತಾಯಿಗಳ ದೇಹದಿಂದಲೇ ಬಂದುದೋ? ಬರ್ನ್ ನಗರದವರು ಈ ಸಂದೇಹವನ್ನೂ ಪರಿಶೀಲಿಸಿದರು. ಅದೇ ದಂಪತಿಗಳಿಗೆ ಸಹಜವಾಗಿ ಹುಟ್ಟಿದ ಮಕ್ಕಳ ನಾಳಗಳು ಸರಿಯಾಗಿದ್ದುವು. ಹಾರ್ಮೋನು ಔಷಧವನ್ನು ಮಾತ್ರ ಪಡೆದು ಸಹಜವಾಗಿ ಗರ್ಭಧರಿಸಿದ ತಾಯಂದಿರ ಮಕ್ಕಳ ನಾಳಗಳೂ ಸರಿಯಾಗಿದ್ದುವು. ಆದುದರಿಂದ ಕಾರಣವು ಚಿಕಿತ್ಸಾಕ್ರಮದಲ್ಲಿಯೇ ಇರಬೇಕೆಂದು ಅವರು ನಿರ್ಣಯಿಸಿದರು. ಐದು ವರ್ಷಗಳ ತರುವಾಯ, ಅದೇ ಮಕ್ಕಳು ಹದಿಹರೆಯಕ್ಕೆ ಬಂದಾಗ, ಇಪ್ಪತ್ತನಾಲ್ಕು ಗಂಟೆಗಳ ರಕ್ತದೊತ್ತಡವನ್ನು ಅಳೆದರು. ಪ್ರನಾಳ ಮಕ್ಕಳ ಸರಾಸರಿ ಮೇಲೊತ್ತಡವು ೧೧೯.೮, ಇತರರದು ೧೧೫.೭. ರಕ್ತದೊತ್ತಡದ ರೋಗವೆಂದು ಹೇಳಬಹುದಾದಷ್ಟು ಏರಿದ್ದವರು ಅವರ ೫೨ ಮಂದಿಯಲ್ಲಿ ೮, ಇತರರ ೪೩ ಮಂದಿಯಲ್ಲಿ ಒಬ್ಬರು. ಇದು ೨೦೧೮ರಲ್ಲಿ ಪ್ರಕಟವಾದ ಸಂಗತಿ.

ಇದು ಹುಟ್ಟಿದ ಮಕ್ಕಳ ಮಾತಾಯಿತು. ಗರ್ಭದೊಳಗೇ ವ್ಯತ್ಯಾಸವುಂಟೇ? ಗರ್ಭವನ್ನು ಮುಟ್ಟದೆಯೇ ಹೊಕ್ಕುಳ ಬಳ್ಳಿಯ ರಕ್ತದ ವೇಗವನ್ನು ಧ್ವನಿತರಂಗಗಳಿಂದ ಅಳೆಯುವ ವಿಧಾನವು ೧೯೭೭ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಬಳಕೆಗೆ ಬಂದಮೇಲೆ ಗರ್ಭಸ್ಥ ಶಿಶುವಿನ ಹೃದಯವನ್ನೂ ನಾಳಗಳನ್ನೂ ನೇರವಾಗಿ ಪರಿಶೀಲಿಸುವ ದಾರಿಯು ತೆರೆಯಿತು. ಸ್ಪೇನ್ ದೇಶದ ಬಾರ್ಸಿಲೋನಾ ನಗರದ ವೈದ್ಯರು ೧೦೦ ಪ್ರನಾಳ ಗರ್ಭಗಳನ್ನೂ ೧೦೦ ಸಹಜ ಗರ್ಭಗಳನ್ನೂ ಏಳನೆಯ ತಿಂಗಳ ಸುಮಾರಿನಲ್ಲಿ ಹೋಲಿಸಿ ನೋಡಿ ೨೦೧೩ರಲ್ಲಿ ವರದಿ ಮಾಡಿದರು. ಪ್ರನಾಳ ಶಿಶುಗಳ ಹೃದಯವು ಹೆಚ್ಚು ದುಂಡಾಗಿಯೂ ಅದರ ಗೋಡೆಯು ದಪ್ಪವಾಗಿಯೂ ಇತ್ತು. ಹುಟ್ಟಿದ ಆರು ತಿಂಗಳಿಗೆ ಅವೇ ಮಕ್ಕಳನ್ನು ನೋಡಲಾಗಿ, ರಕ್ತದೊತ್ತಡವು ತುಸು ಹೆಚ್ಚಾಗಿಯೂ ಮಹಾಧಮನಿಯ ಗೋಡೆಯು ತುಸು ದಪ್ಪವಾಗಿಯೂ ಇದ್ದುದು ಕಂಡುಬಂದಿತು. ಒತ್ತಡಕ್ಕೆದುರಾಗಿ ದುಡಿಯುವ ಹೃದಯವು ತನ್ನ ಆಕಾರವನ್ನು ಬದಲಿಸಿಕೊಳ್ಳುವುದು ಸಹಜವಷ್ಟೆ. ಬಾರವಾದ ಮೂಟೆಯನ್ನು ಹೊರುವವನ ಹೆಗಲು ಗಟ್ಟಿಯಾದಂತೆಯೇ ಇದು.

ಈಗ ಆ ತಿರುಳಾದ ಪ್ರಶ್ನೆಗೆ ಬರೋಣ. ಶಿಶುವಿನ ಹೃದಯವು ಬಡಿಯತೊಡಗುವುದು ಗರ್ಭನಿಂತ ಸುಮಾರು ೨೨ನೆಯ ದಿನ. ಮೊದಲ ರಕ್ತನಾಳಗಳು ಮೂಡುವುದೂ ಮೂರನೆಯ ವಾರದಲ್ಲಿಯೇ. ತಟ್ಟೆಯ ವಾಸವಾದರೋ ಐದಾರು ದಿನಕ್ಕೇ ಮುಗಿದುಹೋಗುವುದು. ಇನ್ನೂ ಹುಟ್ಟದಿರುವ ನಾಳದ ಮೇಲೆ ತಟ್ಟೆಯು ಗುರುತು ಹಾಕುವುದು ಹೇಗೆ?

ವಿದ್ವಾಂಸರು ಇದಕ್ಕೆ ಎರಡು ದಾರಿಗಳನ್ನು ತೋರಿಸುವರು. ಒಂದನೆಯದು, ವಂಶವಾಹಿಗಳ ಮೇಲಣ ಗುರುತುಗಳು. ವಂಶವಾಹಿಗಳನ್ನು ದೊಡ್ಡ ಓಲೆಗರಿಯ ಕಟ್ಟಿಗೆ ಹೋಲಿಸಬಹುದು. ಕಟ್ಟು ಎಲ್ಲ ಕಣಗಳಲ್ಲಿಯೂ ಒಂದೇ. ಆದರೆ ಯಾವ ಗರಿಯನ್ನು ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂಬ ಗುರುತುಗಳು ಬೇರೆ ಬೇರೆ. ಭ್ರೂಣದ ಮೊದಲ ದಿನಗಳಲ್ಲಿ, ಎಂದರೆ ಅದು ತಟ್ಟೆಯಲ್ಲಿರುವ ದಿನಗಳಲ್ಲಿಯೇ, ತಂದೆತಾಯಿಗಳಿಂದ ಬಂದ ಹಳೆಯ ಗುರುತುಗಳಲ್ಲಿ ಬಹುಪಾಲು ಅಳಿಯುವುವು. ಆ ಬಳಿಕ ಹೊಸವು ಬರೆಯಲ್ಪಡುವುವು. ಆ ಸಂಧಿಕಾಲದಲ್ಲಿ ಸುತ್ತಣ ದ್ರವ, ಬೆಳಕು, ಆಮ್ಲಜನಕ ಇವುಗಳ ವ್ಯತ್ಯಾಸದಿಂದ ಬರವಣಿಗೆಯು ತುಸು ಬೇರೆಯಾಗಬಹುದು. ಬರ್ನ್ ನಗರದವರು ಇಲಿಗಳಲ್ಲಿ ಇದನ್ನು ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟಿಸಿದರು. ತಟ್ಟೆಯಲ್ಲಿ ಮೂಡಿದ ಇಲಿಗಳಲ್ಲಿ, ನೈಟ್ರಿಕ್ ಆಕ್ಸೈಡನ್ನು ತಯಾರಿಸುವ ವಂಶವಾಹಿಯ ಮೇಲಣ ಗುರುತು ಬದಲಾಗಿತ್ತು, ನಾಳಗಳು ಸರಿಯಾಗಿ ಹಿಗ್ಗುತ್ತಿರಲಿಲ್ಲ, ರಕ್ತದೊತ್ತಡವು ಏರಿತ್ತು, ಕೊಬ್ಬಿನ ಆಹಾರವನ್ನು ಕೊಟ್ಟಾಗ ಅವುಗಳ ಆಯುಸ್ಸೂ ಕುಗ್ಗಿತು. ಸಮಾಧಾನದ ಸಂಗತಿಯೂ ಒಂದುಂಟು. ಪೋಷಕದ್ರವಕ್ಕೆ ಮೆಲಟೋನಿನ್ ಎಂಬ ವಸ್ತುವನ್ನು ಸೇರಿಸಿದಾಗ ಇಲಿಗಳಲ್ಲಿ ಈ ದೋಷವು ತಲೆದೋರಲಿಲ್ಲವೆಂದು ೨೦೧೫ರಲ್ಲಿ ಅವರೇ ತೋರಿಸಿದರು. ಇಲಿಯ ಮಾತನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ದೋಷವು ವಿಧಿಲಿಖಿತವಲ್ಲ, ವಿಧಾನವನ್ನು ತಿದ್ದಿದರೆ ತಿದ್ದಬಹುದಾದದ್ದು ಎಂಬ ಆಶೆಗೆ ಇದು ಆಧಾರವಾಗಿದೆ.

ಎರಡನೆಯ ದಾರಿಯು ಮಾಸು. ಐದನೆಯ ದಿನದ ಭ್ರೂಣದಲ್ಲಿ ಶಿಶುವಾಗತಕ್ಕ ಕಣಗಳೂ ಮಾಸಾಗತಕ್ಕ ಕಣಗಳೂ ಆಗಲೇ ಬೇರೆಯಾಗಿರುವುವು. ತಟ್ಟೆಯ ಪರಿಸರವು ಮಾಸಿನ ಕಣಗಳನ್ನು ಸೋಕಿದರೆ, ಮುಂದೆ ಶಿಶುವಿಗೆ ಬರುವ ರಕ್ತದ ಹದವೂ ಬೇರೆಯಾಗುವುದು. ಇದಕ್ಕೆ ತಾಯಿಯ ಕಡೆಯ ಕಾರಣಗಳೂ ಕೂಡುವುವು. ಸಹಜ ಗರ್ಭದಲ್ಲಿ ಅಂಡಾಣು ಹೊರಬಿದ್ದ ಸ್ಥಳದಲ್ಲಿ ಒಂದು ಸಣ್ಣ ಗ್ರಂಥಿಯು ಬೆಳೆದು, ತಾಯಿಯ ರಕ್ತನಾಳಗಳನ್ನು ಗರ್ಭಕ್ಕೆ ಹೊಂದಿಸುವ ರಸಗಳನ್ನು ಸುರಿಸುವುದು. ಹೆಪ್ಪುಗಟ್ಟಿಸಿದ ಭ್ರೂಣವನ್ನು ಕೇವಲ ಔಷಧಗಳ ಬಲದಿಂದ ಸಿದ್ಧಪಡಿಸಿದ ಗರ್ಭಾಶಯದಲ್ಲಿ ಇರಿಸಿದಾಗ ಈ ಗ್ರಂಥಿಯೇ ಇರುವುದಿಲ್ಲ. ಅಂಥ ತಾಯಂದಿರಲ್ಲಿ ಗರ್ಭಕಾಲದ ರಕ್ತದೊತ್ತಡದ ಬೇನೆಯು ಹೆಚ್ಚಾಗಿ ಕಂಡುಬರುವುದು. ಇನ್ನು ಗರ್ಭವು ಬೇಗ ನಿಲ್ಲಲೆಂದು ಎರಡು ಮೂರು ಭ್ರೂಣಗಳನ್ನು ಒಟ್ಟಿಗೆ ಇರಿಸಿದರೆ ಅವಳಿ ಜವಳಿ ಮಕ್ಕಳಾಗಿ, ದಿನತುಂಬದೆ, ತೂಕವಿಲ್ಲದೆ ಹುಟ್ಟುವರು. ಮೈಸೂರಿನ ದಫ್ತರಗಳು ಹೇಳಿದ ಪಾಠವು ಇಲ್ಲಿ ನೆನಪಾಗಬೇಕು.

ಇಷ್ಟನ್ನು ಮಾತ್ರ ಕೇಳಿ ಎದ್ದುಹೋದರೆ ತಾವು ಅರ್ಧ ಸತ್ಯವನ್ನು ಮನೆಗೆ ಒಯ್ದಂತಾಗುವುದು. ಮೇಲೆ ಹೇಳಿದ ಪರೀಕ್ಷೆಗಳು ಸೂಕ್ಷ್ಮವಾದವು, ಆದರೆ ಚಿಕ್ಕವು. ಐವತ್ತು ನೂರು ಮಕ್ಕಳವು. ದೊಡ್ಡ ಪ್ರಮಾಣದಲ್ಲಿ ನೋಡಿದವರು ಕಂಡುದೇನು? ಡೆನ್ಮಾರ್ಕ್, ಫಿನ್ಲೆಂಡ್, ನಾರ್ವೆ, ಸ್ವೀಡನ್ ಈ ನಾಲ್ಕು ದೇಶಗಳ ದಾಖಲೆಗಳಿಂದ ೧,೨೨,೪೨೯ ಪ್ರನಾಳ ಮಕ್ಕಳನ್ನು ಎಪ್ಪತ್ತೈದು ಲಕ್ಷಕ್ಕೂ ಮಿಗಿಲಾದ ಇತರ ಮಕ್ಕಳೊಡನೆ ಹೋಲಿಸಿ ೨೦೨೧ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೃದಯ ಮತ್ತು ರಕ್ತನಾಳಗಳ ರೋಗವು ಹೆಚ್ಚಾಗಿ ಕಂಡುಬರಲಿಲ್ಲ. ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ ೨೨ರಿಂದ ೩೫ ವಯಸ್ಸಿನ ೧೯೩ ಪ್ರನಾಳಜನ್ಯರನ್ನು ಪರೀಕ್ಷಿಸಿದ ೨೦೧೯ರ ವರದಿಯಲ್ಲಿಯೂ ಅವರ ನಾಳಗಳಲ್ಲಿ ಹೆಚ್ಚಿನ ದೋಷವು ತೋರಲಿಲ್ಲ. ಅನೇಕ ದೇಶಗಳ ೩೫,೯೩೮ ಮಂದಿಯ ಅಂಕಿಗಳನ್ನು ಕೂಡಿಸಿ ೨೦೨೩ರಲ್ಲಿ ಪ್ರಕಟವಾದ ಇನ್ನೊಂದು ವರದಿಯಲ್ಲಿ ಪ್ರನಾಳ ಮಕ್ಕಳ ರಕ್ತದೊತ್ತಡವು ಏರಿರಲಿಲ್ಲ. ಆದರೆ ಅವರಲ್ಲಿ ಪ್ರನಾಳ ಮಕ್ಕಳು ೬೫೪ ಮಾತ್ರ. ಜನ್ಮದಿಂದ ಬಂದ ದೊಡ್ಡ ಹೃದಯದೋಷಗಳು ಮಾತ್ರ ತುಸು ಹೆಚ್ಚೆಂದು ನಾರ್ಡಿಕ್ ದೇಶಗಳ ೨೦೨೪ರ ವರದಿಯು ತಿಳಿಸುವುದು. ಪ್ರನಾಳ ಮಕ್ಕಳಲ್ಲಿ ನೂರಕ್ಕೆ ೧.೮೪, ಇತರರಲ್ಲಿ ೧.೧೫, ಅವಳಿ ಜವಳಿಗಳಲ್ಲಿ ಇನ್ನೂ ಹೆಚ್ಚು. ಎಂದರೆ ಪ್ರನಾಳ ಮಕ್ಕಳಲ್ಲಿಯೂ ನೂರಕ್ಕೆ ೯೮ಕ್ಕೂ ಮಿಗಿಲಾದವರ ಹೃದಯದಲ್ಲಿ ಇಂಥ ದೋಷವಿಲ್ಲ.

ಈ ಎರಡು ಬಗೆಯ ಸಾಕ್ಷ್ಯಗಳನ್ನು ಹೊಂದಿಸುವುದು ಹೇಗೆ? ದೊಡ್ಡ ದಾಖಲೆಗಳು ರೋಗವನ್ನು ಲೆಕ್ಕಹಾಕುವುವು. ಚಿಕ್ಕ ಪರೀಕ್ಷೆಗಳು ರೋಗಕ್ಕೆ ಮುಂಚಿನ ಸೂಕ್ಷ್ಮ ಲಕ್ಷಣವನ್ನು ಹುಡುಕುವುವು. ದಾಖಲೆಗಳಲ್ಲಿರುವ ಬಹುಮಂದಿ ಇನ್ನೂ ಎಳೆಯರು. ಹೃದಯದ ಬೇನೆಯಾದರೋ ನಡುವಯಸ್ಸು ದಾಟಿದ ಮೇಲೆ ಬರತಕ್ಕುದು. ಪ್ರನಾಳಜನ್ಯರಲ್ಲಿ ಅತಿ ಹಿರಿಯರೇ ೧೯೭೮ರಲ್ಲಿ ಹುಟ್ಟಿದವರು. ಅಲ್ಲದೆ ವಿಧಾನಗಳೂ ಪೋಷಕದ್ರವಗಳೂ ವರ್ಷವರ್ಷಕ್ಕೆ ಸುಧಾರಿಸುತ್ತ ಬಂದಿವೆ. ಅಂದಿನ ಮಕ್ಕಳಲ್ಲಿ ಕಂಡುದು ಇಂದಿನವರಲ್ಲಿ ಕಾಣಲೇಬೇಕೆಂಬ ನಿಯಮವಿಲ್ಲ. ಆದುದರಿಂದ ಹೇಳಬಹುದಾದುದಿಷ್ಟೆ: ಈ ಮಕ್ಕಳು ರೋಗಿಗಳಲ್ಲ, ಆದರೆ ಕೆಲವರ ನಾಳಗಳಲ್ಲಿ ಸೂಕ್ಷ್ಮವಾದ ಗುರುತು ಬಿದ್ದಿರಬಹುದು. ಆ ಗುರುತು ಕೇಡಾಗದಂತೆ ನೋಡಿಕೊಳ್ಳುವುದು ಮನುಷ್ಯಪ್ರಯತ್ನಕ್ಕೆ ನಿಲುಕುವ ಮಾತು.

ಆ ಪ್ರಯತ್ನವು ಯಾವುದು? ವೈದ್ಯರಾದವರು ಸಾಧ್ಯವಾದಲ್ಲೆಲ್ಲ ಒಂದು ಸಲಕ್ಕೆ ಒಂದೇ ಭ್ರೂಣವನ್ನು ಇರಿಸುವುದು ಮೊದಲನೆಯದು. ದಂಪತಿಗಳು ‘ಎರಡಾದರೆ ಒಂದೇ ಖರ್ಚಿಗೆ ಎರಡು ಮಕ್ಕಳು’ ಎಂಬ ಲೆಕ್ಕವನ್ನು ಬಿಡುವುದು ಎರಡನೆಯದು. ಆ ಉಳಿತಾಯವನ್ನು ತೀರಿಸುವವರು ದಿನತುಂಬದೆ ಹುಟ್ಟಿದ ಆ ಮಕ್ಕಳೇ. ಗರ್ಭಿಣಿಯ ರಕ್ತದೊತ್ತಡವನ್ನು ತಪ್ಪದೆ ನೋಡಿಸುವುದು, ಆಕೆಯ ಆಹಾರವನ್ನು ಗಮನಿಸುವುದು ಮೂರನೆಯದು. ಹುಟ್ಟಿದ ಮಗುವಿಗೆ ತಾಯಿಯ ಹಾಲು, ಮುಂದೆ ಮಿತವಾದ ಉಪ್ಪು, ಬಯಲಿನ ಆಟ, ಮನೆಯೊಳಗೆ ಬೀಡಿ ಸಿಗರೇಟಿನ ಹೊಗೆಯಿಲ್ಲದಿರುವಿಕೆ, ಮೂರು ವರ್ಷ ತುಂಬಿದ ಬಳಿಕ ವರ್ಷಕ್ಕೊಮ್ಮೆ ರಕ್ತದೊತ್ತಡದ ಪರೀಕ್ಷೆ, ಇವು ನಾಲ್ಕನೆಯದು. ಇವುಗಳಲ್ಲಿ ಎಲ್ಲ ಮಕ್ಕಳಿಗೂ ಹಿತವಲ್ಲದ್ದು ಯಾವುದೂ ಇಲ್ಲ.

ಐದನೆಯದೇ ಕಷ್ಟವಾದುದು, ಅದು ಗುಟ್ಟನ್ನು ಬಿಡುವುದು. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವಳು. ಚಿಕಿತ್ಸೆಯಾದುದು ಒಂದು ಊರಿನಲ್ಲಿ, ಹೆರಿಗೆಯಾಗುವುದು ಇನ್ನೊಂದು ಊರಿನಲ್ಲಿ. ನೆರೆಹೊರೆಯವರು ಆಡಿಕೊಂಡಾರೆಂಬ ಅಂಜಿಕೆಯಿಂದ ಅಲ್ಲಿಯ ವೈದ್ಯರಿಗೂ ಸಂಗತಿಯನ್ನು ತಿಳಿಸದೆ ಇರುವರು. ಕೈಯಲ್ಲಿರುವ ತಾಯಿ ಕಾರ್ಡಿನಲ್ಲಿಯೂ ಆ ಮಾತಿರುವುದಿಲ್ಲ. ಮಗು ದೊಡ್ಡದಾದ ಮೇಲೆ ಯಾವ ವೈದ್ಯನಿಗೂ ಅದರ ಮೂಲವು ಗೊತ್ತಿರುವುದಿಲ್ಲ. ಹೀಗಾದರೆ ನೋಡಿಕೊಳ್ಳುವುದೆಂತು? ಅಂಜಿಕೆಯು ಆ ದಂಪತಿಗಳ ತಪ್ಪಲ್ಲ. ಅದು ನಾವು ಹುಟ್ಟಿಸಿದುದು. ಮಕ್ಕಳಾಗದ ಹೆಣ್ಣನ್ನು ಬಂಜೆಯೆಂದು ಹೀಯಾಳಿಸಿ ಶುಭಕಾರ್ಯದಲ್ಲಿ ಹಿಂದಕ್ಕೆ ಸರಿಸಿದವರು ನಾವು. ಮಕ್ಕಳಾಗದಿರುವುದಕ್ಕೆ ಅರ್ಧದಷ್ಟು ಪ್ರಸಂಗಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುವುದೆಂಬುದನ್ನು ಮರೆತವರೂ ನಾವೇ. ಆ ಹೀಯಾಳಿಕೆಯನ್ನು ನಿಲ್ಲಿಸದೆ ‘ಗುಟ್ಟು ಮಾಡಬೇಡಿ’ ಎಂದು ಉಪದೇಶಿಸುವ ಹಕ್ಕು ನಮಗೆ ಬರುವುದಿಲ್ಲ. ಹಿರಿಯರಾದವರು ತಮ್ಮ ಮನೆಯಲ್ಲಿ ಇಷ್ಟನ್ನು ನಡೆಸಿಕೊಟ್ಟರೂ ಅದು ಒಂದು ದೊಡ್ಡ ಚಿಕಿತ್ಸೆಯಾದೀತು.

ಭಾರತದಲ್ಲಿ ೨೦೨೧ರಲ್ಲಿ ಈ ಚಿಕಿತ್ಸೆಗಳನ್ನು ಕ್ರಮಕ್ಕೊಳಪಡಿಸುವ ಕಾನೂನು ಆಗಿ, ಆಸ್ಪತ್ರೆಗಳ ನೋಂದಣಿಯೂ ರಾಷ್ಟ್ರೀಯ ದಾಖಲೆಯೂ ವಿಧಿಸಲ್ಪಟ್ಟಿವೆ. ಕಾನೂನು ಪುಸ್ತಕವನ್ನು ತೆರೆಯಬಲ್ಲುದು. ಅದರಲ್ಲಿ ನಿಜವನ್ನು ಬರೆಯಬೇಕಾದವರು ಜನರು. ಕಲ್ಕತ್ತೆಯ ಒಂದು ಟಿಪ್ಪಣಿ ಪುಸ್ತಕವು ಸತ್ತ ಮಹನೀಯರೊಬ್ಬರ ಗೌರವವನ್ನು ಉಳಿಸಿತು. ಮೈಸೂರಿನ ದಫ್ತರಗಳು ಲೋಕಕ್ಕೆ ಒಂದು ಶಾಸ್ತ್ರವನ್ನು ಕಲಿಸುವುದರಲ್ಲಿ ನೆರವಾದುವು. ಪ್ರನಾಳ ಶಿಶುಗಳ ತೂಕ, ಒತ್ತಡ, ಬೆಳವಣಿಗೆ ಇವುಗಳನ್ನು ಇಂದು ನಾವು ಪ್ರಾಮಾಣಿಕವಾಗಿ ಬರೆದಿಟ್ಟರೆ, ಇನ್ನು ಅರವತ್ತು ವರ್ಷಗಳ ತರುವಾಯ ಹುಟ್ಟುವ ಮಕ್ಕಳು ಊಹೆಯಿಂದಲ್ಲದೆ ಅರಿವಿನಿಂದ ಕಾಪಾಡಲ್ಪಡುವರು.

ಮಗುವು ಯಾವ ದಾರಿಯಿಂದ ಬಂದರೂ ಮಗುವೇ. ಬಯಸಿ, ಕಾದು, ಬಳಲಿ ಪಡೆದ ಈ ಮಕ್ಕಳಿಗೆ ಪ್ರೀತಿಯ ಕೊರತೆಯಿಲ್ಲ. ಎಚ್ಚರದ ಕೊರತೆಯೂ ಇಲ್ಲದಿರಲಿ ಎಂಬುದೇ ನನ್ನ ಅರಿಕೆ.